ಪಖವಾಜಿನ ಪಾಲಿನ ಕಣಕ

ಗೋಧಿ ಹಿಟ್ಟು ನಾದುವಾಗ ಏಳುವ ಹಸಿ ವಾಸನೆಗೆ ನಮ್ಮಲ್ಲಿ ಹೆಸರಿಲ್ಲ. ದಿನಾ ಇರುವ ವಾಸನೆ, ಮೂಗು ಅದನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಆದರೆ ಈ ಶ್ರಾವಣದ ಮೊದಲ ಸೋಮವಾರ ಸಂಜೆ, ಜಳಕೋಟದಲ್ಲಿ ಒಂದು ಸಭೆಯ ಮಂಡಪ ಬಿಚ್ಚಿಸಿ ಮನೆಗೆ ಬಂದು, ಕೈಕಾಲು ತೊಳೆದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದೆ. ಹೆಂಡತಿ ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು. ನಾದಿ ಮುಗಿದ ಮೇಲೆ ಅದರಲ್ಲಿ ನಿಂಬೆಹಣ್ಣಿನಷ್ಟು ಚಿವುಟಿದಳು. ಅಂಗೈಯಲ್ಲಿ ಉರುಟು ಮಾಡಿ ಹಿತ್ತಾಳೆಯ ಸಣ್ಣ ಬಟ್ಟಲಲ್ಲಿಟ್ಟಳು. ಮೇಲೆ ಹಸಿ ಅರಿವೆ ಮುಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಇಟ್ಟು ಅಲ್ಲಿಯೇ ನಿಂತುಬಿಟ್ಟಳು.

"ಅದು ಯಾರಿಗಿ ತಗದಿ?" ಎಂದೆ.

"ನಾ ತಗದಿಲ್ರೀ, ಕೈಯೇ ತಗದಾದ. ಸೋಮವಾರ ಅಲ್ಲಾ..."

ಆ ಬಟ್ಟಲು ಯಾರದ್ದೆಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಓಣಿಯ ಅಯ್ಯನವರದ್ದು.

ಅಯ್ಯನವರು ಜಂಗಮರು. ಉದಗೀರದ ಪೇಟೆಯಲ್ಲಿ ಕಾಳುಕಡಿ, ಬಟ್ಟೆ, ಕಿರಾಣಿ ವ್ಯಾಪಾರ ಮಾಡುವ ಲಿಂಗಾಯತರ ಮನೆಗಳಿಗೆ ಪೂಜೆಗೆ, ದೀಕ್ಷೆಗೆ, ತೊಟ್ಟಿಲಿಗೆ ಅವರೇ ಹೋಗುತ್ತಿದ್ದರು. ಅದು ಅವರ ಹೊಟ್ಟೆಯ ಕೆಲಸ. ಜೀವದ ಕೆಲಸ ಬೇರೆ ಇತ್ತು. ಸೋಮವಾರ ಸಂಜೆಯಾದರೆ ಮಠದ ಪಡಸಾಲೆಯಲ್ಲಿ ಮೃದಂಗದಂಥ ಪಖವಾಜು ತೊಡೆಯ ಮೇಲೆ ಎಳೆದುಕೊಂಡು ಭಜನೆಗೆ ಕೂಡುತ್ತಿದ್ದರು. ಹೊರಗೆ ಬಸ್ಸು, ಬಾಜಾರು, ಶಾಲೆ, ಕಚೇರಿ ಎಲ್ಲ ಮರಾಠಿ. ಆ ಪಡಸಾಲೆಯೊಳಗೆ ಆ ಒಂದಷ್ಟು ಹೊತ್ತು ಕನ್ನಡ ಹಾಡು. ನಾನು ಮರಾಠಿ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಮಂಡಪದ ಬಂಬೂ ಹೊರಲು ಹೋದವನು. ಈ ಕನ್ನಡ ಅಕ್ಷರವನ್ನು ನನಗೆ ತಿದ್ದಿಸಿದ್ದು ಅಯ್ಯನವರೇ, ಅದೇ ಪಡಸಾಲೆಯಲ್ಲಿ, ಹಾಡು ಓದಲು ಬರಲಿ ಎಂದು. ಆಗ ನನಗೆ ಮೀಸೆ ಬಂದಾಗಿತ್ತು, ಮದುವೆಯೂ ಆಗಿತ್ತು.

ಪಖವಾಜಿಗೆ ಎರಡು ಬಾಯಿ. ಬಲಗಡೆಯ ತೊಗಲಿಗೆ ಕಪ್ಪು ಶಾಯಿ ಮೆತ್ತಿರುತ್ತದೆ, ಅದು ಸದಾ ಇರುವಂಥದ್ದು. ಎಡಗಡೆಯದು ಬೋಳು. ಬಾರಿಸುವ ಮುಂಚೆ ಅದಕ್ಕೆ ಹಸಿ ಕಣಕ ಹಚ್ಚಬೇಕು. ರೊಟ್ಟಿ ತಟ್ಟಿದಂತೆ ನಡುವೆ ತಟ್ಟಿ, ನೀರು ಸವರಿ, ಸುತ್ತಿಗೆಯಿಂದ ಬಲಗಡೆ ಸಣ್ಣಗೆ ಬಡಿದು ಎರಡೂ ಬಾಯಿ ಒಂದಕ್ಕೊಂದು ಒಪ್ಪುವವರೆಗೆ ನೋಡಬೇಕು. ಆಮೇಲೆ ಎಡಗೈ ಬಿದ್ದರೆ ಘುಂ... ಎಂದು ನೆಲದೊಳಗಿನಿಂದ ಬಂದಂಥ ಸದ್ದು. ಮಂಡಿ ಊರಿ ಕುಳಿತವನ ಮಂಡಿಗೆ ಅದು ಮೊದಲು ತಿಳಿಯುತ್ತದೆ, ಕಿವಿಗೆ ಆಮೇಲೆ. ಕಣಕ ಹಚ್ಚದಿದ್ದರೆ ಎಡಗಡೆ ರಟ್ಟಿನ ಡಬ್ಬಿ ಬಡಿದ ಹಾಗೆ. ಭಜನೆ ಮುಗಿದ ಮೇಲೆ ಆ ಕಣಕವನ್ನು ಕೆರೆದು ತೆಗೆದು ಆಕಳಿಗೆ ಹಾಕುತ್ತಾರೆ. ತೊಗಲಿಗೆ ಹತ್ತಿದ್ದನ್ನು ಮನುಷ್ಯರು ತಿನ್ನುವುದಿಲ್ಲ.

ಅಯ್ಯನವರ ಹೆಂಡತಿ ತೀರಿಹೋದ ಮೇಲೆ ಈ ಕಣಕ ನಮ್ಮ ಮನೆಯಿಂದ ಹೋಗಲು ಸುರುವಾಯಿತು. ಬಟ್ಟಲು ಅವರದು, ಹಿಟ್ಟು ನಮ್ಮದು. ಅವರ ಕಿರಿಕಿರಿ ಏನು ಕಡಿಮೆಯೇ? ಬಟ್ಟಲಿನ ಅರಿವೆ ಸರಿಸಿ, ಬೆರಳಿನಿಂದ ಒತ್ತಿ ನೋಡಿ, ನನ್ನ ಹೆಂಡತಿಗೆ ಅನ್ನುತ್ತಿದ್ದರು: "ತಂಗಿ, ಇವತ್ತಿಂದು ಪೂರಿ ಕರೀಲಕ್ಕ ಬರ್ತದ, ಪಖವಾಜಿಗಿ ಬರಾಂಗಿಲ್ಲ. ಇನ್ನಾ ಒಂದ್ ಚೂರು ನೀರು, ಇನ್ನಾ ಒಂದ್ ಚೂರು ಸಿಟ್ಟು."

"ಸಿಟ್ಟು ಯಾರ ಮ್ಯಾಲ ಮಾಡ್ಲರೀ ಅಯ್ಯನೋರ?"

"ಗಂಡ ಅದಾನಲ್ಲ ಮನ್ಯಾಗ. ಅವನ್ನ ನೆನಸಿ ನಾದು."

ನಾನು ತಾಳ ಹಾಕುತ್ತಿದ್ದೆ. ಎಲ್ಲಿಯಾದರೂ ತಡವಾಯಿತೋ, ಹಾಡು ನಡೆದಾಗಲೇ ಕೂಗುತ್ತಿದ್ದರು: "ಏ ಮಂಡಪದವ್ನ, ತಾಳಾ ಹಾಕ್ಲತ್ತೀಯೋ, ಗೂಟಾ ಬಡೀಲತ್ತೀಯೋ?" ಎಲ್ಲರೂ ನಗುತ್ತಿದ್ದರು. ಎಲ್ಲರೂ ಎಂದರೆ ಆಗ ಪಡಸಾಲೆ ತುಂಬ ಜನ.

ಆ ಪಡಸಾಲೆ ಹೇಗೆ ಖಾಲಿಯಾಯಿತೆಂದು ಕೇಳಿದರೆ ಹೇಳಲು ದೊಡ್ಡ ಕಾರಣ ಏನೂ ಇಲ್ಲ. ಅಡತಿ ಅಂಗಡಿಯ ಸಾವಕಾರ ಹಾಡುತ್ತಿದ್ದರು, ತೀರಿಕೊಂಡರು. ಒಬ್ಬರು ಲಾತೂರಿನಲ್ಲಿ ಮನೆ ಮಾಡಿದರು. ಒಬ್ಬರಿಗೆ ಮಂಡಿನೋವು, ಕೆಳಗೆ ಕೂಡಲು ಆಗುವುದಿಲ್ಲ. ಅವರ ಜಾಗಕ್ಕೆ ಅವರ ಮನೆಯಿಂದ ಇನ್ನೊಬ್ಬರು ಬರಲಿಲ್ಲ, ಅಷ್ಟೇ. ಕೊನೆಗೆ ಹಾಡಲು ಬಟ್ಟೆ ಅಂಗಡಿಯ ಒಬ್ಬ ಮುದುಕರು, ಬಾರಿಸಲು ಅಯ್ಯನವರು, ತಾಳಕ್ಕೆ ನಾನು.

ಅಯ್ಯನವರಿಗೆ ಒಂದೇ ಚಿಂತೆ ಹತ್ತಿತ್ತು. "ನಾ ಹೋಗೋದ್ರಾಗ ಇದನ್ನ ಒಬ್ಬರ ಕೈಯಾಗ ಕೊಡಬೇಕು ತಮ್ಮಾ. ಒಬ್ಬರೇ ಸಾಕು" ಎನ್ನುತ್ತಿದ್ದರು. ನನಗೇ ಕಲಿಸಲು ನೋಡಿದ್ದರು. ನನ್ನ ಎಡಗೈಯ ಎರಡು ಬೆರಳು ಕಬ್ಬಿಣದ ಪೈಪಿನ ಕೆಳಗೆ ಸಿಕ್ಕು ಸೆಟೆದಿವೆ, ಮಡಚುವುದಿಲ್ಲ. ಕಿವಿ ಇದೆ, ಕೈ ಇಲ್ಲ. ನಾನು ದುಡಿದು ತಿಂದವನು, ಯಾರ ಮುಂದೆಯೂ ಕೈಚಾಚಿದವನಲ್ಲ. ಉಮರ್ಗಾದಿಂದ ನಿಲಂಗಾದವರೆಗೆ ನನ್ನ ಮಂಡಪ ಗಾಳಿಗೆ ಬಿದ್ದದ್ದನ್ನು ಕಂಡವರಿಲ್ಲ. ಆದರೆ ಆ ಒಂದು ವಿಷಯದಲ್ಲಿ ನನ್ನ ಕೈಯ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆಗ ಊರಲ್ಲಿ ಒಂದು ಸಾಂಸ್ಕೃತಿಕ ಭವನ ಎದ್ದಿತು. ಬಣ್ಣ ಒಣಗುವ ಮುಂಚೆಯೇ ಸುದ್ದಿ ಹಬ್ಬಿತು: ಸ್ಥಳೀಯ ಕಲೆಗೆಲ್ಲ ಅಲ್ಲಿ ಅವಕಾಶ ಉಂಟು, ನೃತ್ಯ, ಚಿತ್ರ, ಗಾಯನ, ವಾದ್ಯ ಎಲ್ಲದಕ್ಕೂ ಕೋಣೆ ಕೊಡುತ್ತಾರೆ, ವಾರಕ್ಕೊಂದು ದಿನ ಪುಕ್ಕಟೆ ಕ್ಲಾಸು. ಉದ್ಘಾಟನೆಯ ದಿನ ಎಲ್ಲರೂ ತಂತಮ್ಮ ಕಲೆ ತೋರಿಸಬೇಕು, ಜನ ಮೆಚ್ಚಿದ್ದಕ್ಕೆ ಕೋಣೆ. ಸಮಿತಿಯವರು ಅಯ್ಯನವರ ಮನೆಗೂ ಬಂದು ಹೇಳಿ ಹೋದರು.

ನಾನು ಅವರನ್ನು ಅಷ್ಟು ಖುಷಿಯಾಗಿ ಕಂಡದ್ದು ಅದೇ ಮೊದಲು, ಅದೇ ಕೊನೆ... ಪಖವಾಜಿನ ಬಾದಿಗಳನ್ನು, ಆ ತೊಗಲಿನ ಪಟ್ಟಿಗಳನ್ನು, ಬಿಗಿಸಿದರು. ಧೋತರ ಇಸ್ತ್ರಿ ಮಾಡಿಸಿದರು. ನನ್ನ ಹೆಂಡತಿಗೆ ಮೂರು ಸಲ ಬಂದು ಹೇಳಿದರು, "ಅವತ್ತಿನ ಕಣಕಾ ನೆಪ್ಪಿರ್ಲಿ ತಂಗಿ. ಭರಪೂರ ಸಿಟ್ಟು ಹಾಕಿ ನಾದು."

ಭವನದ ಮುಂದಿನ ಬಯಲಿನಲ್ಲಿ ಮಂಡಪ ನನ್ನದು. ಸೌಂಡು ಬೇರೆಯವರದು, ಮದುವೆ ಮೆರವಣಿಗೆಯ ಡಿಜೆ ನಡೆಸುವವರದು, ಆಳೆತ್ತರದ ಬಾಕ್ಸುಗಳು. ಮುಂಜಾನೆ ಎಂದಿದ್ದ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಬಂದಾಗ ಊಟದ ಹೊತ್ತು ಮೀರಿತ್ತು. ಅಯ್ಯನವರು ವೇದಿಕೆಯ ಹಿಂದೆ ನೆಲಕ್ಕೆ ಹಾಸುವ ನನ್ನ ಸತರಂಜಿ ಗಂಟುಗಳ ಮೇಲೆ ಕುಳಿತಿದ್ದರು. ಕಣಕ ಒಣಗಬಾರದೆಂದು ಅರಿವೆಗೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಿದ್ದರು. ಕಾದು ಕಾದು ಕೈ ತೊಳೆಯಲು ಎದ್ದರು. ಬಟ್ಟಲನ್ನು ಅಲ್ಲಿದ್ದ ಟೇಬಲ್ಲಿನ ಮೇಲೆ ಇಟ್ಟರು. ಅದೇ ಟೇಬಲ್ಲಿನ ಮೇಲೆ ಸ್ವಾಗತದ ಹೆಣ್ಣುಮಕ್ಕಳ ಆರತಿ ತಟ್ಟೆ ಇತ್ತು, ಅರಿಶಿನ ಕುಂಕುಮ ಇತ್ತು, ಬತ್ತಿ ಇತ್ತು, ತುಪ್ಪ ಇತ್ತು.

ನಮ್ಮ ಕಡೆ ದೊಡ್ಡವರಿಗೆ ಬೆಳಗುವುದು ಕಣಕದ ದೀಪದಲ್ಲಿ. ಹಿಟ್ಟಿನಲ್ಲಿ ಪುಟ್ಟ ಪಣತಿ ಮಾಡಿ, ಅರಿಶಿನ ಸವರಿ, ತುಪ್ಪದ ಬತ್ತಿ ಹಾಕುತ್ತಾರೆ. ಆ ಹೆಣ್ಣುಮಕ್ಕಳಿಗೆ ನಾದಿದ ಹಿಟ್ಟು ತರುವುದು ಮರೆತುಹೋಗಿತ್ತು. ಅತಿಥಿಯ ಗಾಡಿ ಬಂತೆಂದು ಗದ್ದಲ ಎದ್ದಾಗ ಆ ತಟ್ಟೆಯ ಪಕ್ಕದಲ್ಲಿ ಹಿತ್ತಾಳೆಯ ಬಟ್ಟಲು, ಹಸಿ ಅರಿವೆ, ಕೆಳಗೆ ಬೆಣ್ಣೆಯಂಥ ಕಣಕ. ಅವರಲ್ಲೊಬ್ಬಾಕೆ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು: "ಅಗಬಾಯೀ! ಯಾವ ಪುಣ್ಯಾತ್ಗಿತ್ತಿ ನಾದಿಟ್ಟಾಳ ನೋಡ್ರೆ, ನಮ್ಮ ಮಾನಾ ಉಳೀತು." ನಾನು ಮೆಟ್ಟಿಲಿನ ಕಟ್ಟು ಬಿಗಿಯುತ್ತಿದ್ದೆ. ಏನನ್ನು ಕಂಡು ಅಂದಳೆಂದು ತಿರುಗಿ ನೋಡುವಷ್ಟರಲ್ಲಿ ಅವರೆಲ್ಲ ತಟ್ಟೆ ಹಿಡಿದು ಮುಂದೆ ಹೋಗಿಯಾಗಿತ್ತು.

ಅಯ್ಯನವರು ಕೈ ಒರೆಸಿಕೊಳ್ಳುತ್ತ ಬಂದರು. ಖಾಲಿ ಬಟ್ಟಲು ನೋಡಿದರು. ಆಮೇಲೆ ಪರದೆಯ ಸಂದಿಯಿಂದ ಆಚೆ ನೋಡಿದರು. ಅಲ್ಲಿ ಅತಿಥಿಯ ಮುಖದ ಮುಂದೆ ಹಳದಿ ಬಣ್ಣದ ಐದು ದೀಪ ಗುಂಡಗೆ ತಿರುಗುತ್ತಿದ್ದವು.

"ತಮ್ಮಾ, ಬಾ ಇಲ್ಲಿ. ನನ್ನ ಎಡಗೈ ದೀಪಾ ಆಗ್ಯಾದ ನೋಡು" ಎಂದರು. ನಗುತ್ತಲೇ ಅಂದರು. ಅವರಿಗೆ ಆ ಹೆಣ್ಣುಮಕ್ಕಳ ಮೇಲೆ ಸಿಟ್ಟಿರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಊಟದ ಮಂಡಪದಲ್ಲಿ ಅಡುಗೆಯ ಆಚಾರಿಯ ಹತ್ತಿರ ಪೂರಿಯ ಹಿಟ್ಟು ಇರುತ್ತದೆ, ತರುತ್ತೇನೆ ಎಂದು ನಾನು ಹೊರಟೆ. ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು: ಅತಿಥಿಗಳು ದೇವಣಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೋಗಬೇಕು, ಪಖವಾಜು ಮೊದಲು ಆಗಿಬಿಡಲಿ. ಸಮಿತಿಯ ಒಬ್ಬರು ಓಡಿ ಬಂದು ಅಯ್ಯನವರ ರಟ್ಟೆ ಹಿಡಿದರು. "ಚಲಾ ಮಹಾರಾಜ, ಚಲಾ! ದೋನಚ್ ಮಿನಿಟ, ಎರಡೇ ನಿಮಿಷ!"

"ಸಾಹೇಬ್ರ, ಎಡಗಡೆ ಹಿಟ್ಟು ಹಚ್ಚಿಲ್ಲ..."

"ಅಹೋ, ಹಿಟ್ಟು ಆಮ್ಯಾಗ ಹಚ್ರಿ. ಊಟಾ ಎಲ್ಲಾರಿಗೂ ಅದ."

ಅಯ್ಯನವರು ವೇದಿಕೆಗೆ ಹತ್ತಿದರು. ಕುಳಿತರು. ನನ್ನ ಕಡೆ ಒಂದು ಸಲ ನೋಡಿ ಬಾರಿಸಲು ಸುರು ಮಾಡಿದರು.

ಬಲಗೈ ಎಂದಿನಂತೆಯೇ ಇತ್ತು. ಎಡಗೈ ಬಿದ್ದಲ್ಲೆಲ್ಲ ತಪ್, ತಪ್... ಡಬ್ಬಿಯ ಸದ್ದು. ನಾನು ತಲೆ ತಗ್ಗಿಸಿದೆ. ಜನ ಎದ್ದು ಹೋಗುತ್ತಾರೆ, ಕೋಣೆ ಹೋಯಿತು ಎಂದುಕೊಂಡೆ. ಆಗ ಸೌಂಡಿನವನಿಗೆ ಏನನಿಸಿತೋ, ಮಷೀನಿನ ಮೇಲೆ ಒಂದು ಗುಂಡಿ ತಿರುವಿದ. ಬಾಕ್ಸುಗಳು ಗುಡುಗಿದವು. ಆ ಸತ್ತ ಎಡಗಡೆಯ ತಪ್ ತಪ್ ಡಿಜೆಯ ಢಮ್ ಢಮ್ ಆಗಿ ಎದೆಗೆ ಬಂದು ಬಡಿಯಿತು. ಹುಡುಗರು ಸಿಳ್ಳೆ ಹಾಕಿದರು. ಜನ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಅತಿಥಿಗಳು ಎದ್ದು ನಿಂತು ಶಾಲು ಹೊದಿಸಿದರು. ಅಲ್ಲೇ ಮೈಕಿನಲ್ಲಿ ಹೇಳಿಬಿಟ್ಟರು: ಪಖವಾಜಿಗೆ ಕೋಣೆ ಮಂಜೂರು, ಪ್ರತಿ ಗುರುವಾರ ಸಂಜೆ.

ಕೇಳಿದ್ದು ಸಿಕ್ಕಿತು. ಅಯ್ಯನವರು ಇಳಿದು ಬಂದು ಮತ್ತೆ ಅದೇ ಸತರಂಜಿ ಗಂಟಿನ ಮೇಲೆ ಕುಳಿತರು. ಶಾಲು ತೆಗೆದು ಮಡಚಿ ಪಕ್ಕಕ್ಕಿಟ್ಟರು.

"ಎಲ್ಲಾರಿಗೂ ಛಲೋ ಅನಿಸ್ತಂತ" ಎಂದರು.

"ನನಗ ಅನಿಸಿಲ್ರೀ ಅಯ್ಯನೋರ. ಎಡಗಡಿ ಇರಲೇ ಇಲ್ಲ."

"ನಿನಗ ಗೊತ್ತಾಗ್ತದಪ್ಪಾ. ನಿನಗ ಗೊತ್ತಾಗಿ ಏನ್ ಮಾಡ್ಲಿ? ನಿನ್ನ ಕೈ ಬಂಬೂ ಹಿಡೀಲಕ್ಕ ಹುಟ್ಯಾವ. ಇಷ್ಟು ಮಂದ್ಯಾಗ ಒಬ್ಬರಿಗೂ, ಒಬ್ಬರಿಗೂ ತಿಳೀಲಿಲ್ಲಲ್ಲೋ."

ಗುರುವಾರದ ಕ್ಲಾಸು ಸುರುವಾಯಿತು. ಏಳೆಂಟು ಮಕ್ಕಳು ಬಂದರು. ಅಪ್ಪ ಅಮ್ಮ ಗಾಡಿಯ ಮೇಲೆ ತಂದು ಬಿಟ್ಟು ಹೋಗುತ್ತಿದ್ದರು. ಮೊದಲ ಗುರುವಾರ ನನ್ನ ಹೆಂಡತಿ ಬಟ್ಟಲು ತಯಾರು ಮಾಡಿ ಇಟ್ಟಿದ್ದಳು. ಅಯ್ಯನವರು ಬೇಡ ಎಂದರು.

"ಯಾಕ್ರೀ?"

"ಇರ್ಲಿ ತಂಗಿ. ಬೋಳೇ ಬಾರಸ್ತೀನಿ. ಎಡಗಡಿ ಯಾಕ ಹಿಂಗ ಮೂಕ ಅದ ಅಂತ ಯಾವುದರ ಒಂದು ಕೂಸು ಕೇಳ್ತದೇನು ನೋಡೋಣು. ಕೇಳಿದ ಕೂಸಿಗಿ ಎಲ್ಲಾ ಕೊಡ್ತೀನಿ."

ಹೀಗೆ ಪರೀಕ್ಷೆ ಇಟ್ಟರು. ಮಕ್ಕಳಿಗೆ ಪರೀಕ್ಷೆ ನಡೆದಿದೆ ಎಂದೇ ಗೊತ್ತಿಲ್ಲ. ಕೆಲಸ ಇಲ್ಲದ ಗುರುವಾರ ನಾನೇ ಗಾಡಿಯ ಮೇಲೆ ಕರೆದುಕೊಂಡು ಹೋಗಿ ಗೋಡೆಗೆ ಆತು ಕೂಡುತ್ತಿದ್ದೆ. ಅವರು ಎಡಗೈ ಹಾಕಿದಾಗಲೆಲ್ಲ ಒಂದೊಂದೇ ಮುಖ ನೋಡುತ್ತಿದ್ದರು. ವಾರಗಳು ಹೋದವು. ಒಂದು ಗುರುವಾರ ಎರಡು ಜಡೆಯ ಒಬ್ಬ ಹುಡುಗಿ ಬಾರಿಸುವುದು ನಿಲ್ಲಿಸಿ, ಎಡಗಡೆಯ ತೊಗಲಿನ ಮೇಲೆ ಅಂಗೈ ಇಟ್ಟು, "ಅಜ್ಜಾ, ಒಂದು ಕೇಳ್ಲಾ?" ಎಂದಳು.

ಅಯ್ಯನವರ ಕೈಯಿಂದ ಸುತ್ತಿಗೆ ಕೆಳಗೆ ಬಿತ್ತು. "ಕೇಳವ್ವಾ ಕೇಳು, ಕೇಳು ನನ್ನವ್ವಾ..."

"ಸರ್ಟಿಫಿಕೇಟು ಯಾವಾಗ ಕೊಡ್ತಾರ?"

ಗಾಡಿಯ ಮೇಲೆ ವಾಪಸು ಬರುವಾಗ ನಾನು ತಡೆಯದೆ ಅಂದೆ. "ಅಯ್ಯನೋರ, ಸಿಟ್ಟಿಗೆ ಬರಬ್ಯಾಡ್ರಿ. ಕಣಕಾ ಹಚ್ಚಿದ ಪಖವಾಜು ಆ ಮಕ್ಕಳು ಹುಟ್ಟಿದಾಗಿಂದ ಕೇಳೇ ಇಲ್ಲ. ಇಲ್ಲದ್ದು ಇಲ್ಲಾ ಅಂತ ಹೆಂಗ ಕೇಳ್ತಾವ್ರಿ? ಮದಲ ಕೇಳಸ್ರಿ, ಆಮ್ಯಾಗ ನೋಡ್ರಿ."

ಅವರು ಮನೆಯ ಮುಂದೆ ಇಳಿದು, ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತರು. "ಬರೋ ಗುರುವಾರ ಕಣಕಾ ನಾದ್ಲಕ್ಕ ಹೇಳು" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಗುರುವಾರ ಕೋಣೆಯಲ್ಲಿ ಮಕ್ಕಳಿರಲಿಲ್ಲ. ಪಕ್ಕದ ದೊಡ್ಡ ಹಾಲಿನಲ್ಲಿದ್ದರು. ನೃತ್ಯ ಸ್ಪರ್ಧೆ ಬಂದಿತ್ತಂತೆ, ಗೆದ್ದವರ ವಿಡಿಯೊ ಮೊಬೈಲಿನಲ್ಲಿ ಎಲ್ಲರಿಗೂ ಹೋಗುತ್ತದಂತೆ, ಎಲ್ಲ ಕ್ಲಾಸಿನ ಮಕ್ಕಳನ್ನೂ ಅದಕ್ಕೇ ಸೇರಿಸಿದ್ದರು. ಎರಡು ಜಡೆಯ ಹುಡುಗಿ ಬಾಗಿಲಿನಿಂದ ನಮ್ಮ ಕಡೆ ಕೈ ಬೀಸಿ ಮತ್ತೆ ಸಾಲಿನಲ್ಲಿ ಹೋಗಿ ನಿಂತಳು. ಅಯ್ಯನವರು ಖಾಲಿ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕುಳಿತರು. ಬಟ್ಟಲಿನ ಅರಿವೆ ಸರಿಸಿದರು. ಕಣಕ ಹಚ್ಚಿದರು, ನೀರು ಸವರಿದರು, ಸುತ್ತಿಗೆಯಿಂದ ಬಡಿದು ಬಡಿದು ಎರಡೂ ಬಾಯಿ ಒಪ್ಪಿಸಿದರು. ಮದುವಣಗಿತ್ತಿಗೆ ಸೀರೆ ಉಡಿಸುವಷ್ಟು ಜತನದಿಂದ ಮಾಡಿದರು. ಆಮೇಲೆ ಕಣ್ಣು ಮುಚ್ಚಿ ಎಡಗೈ ಎತ್ತಿ ಹಾಕಿದರು.

ಅದೇ ಹೊತ್ತಿಗೆ ಪಕ್ಕದಲ್ಲಿ ಬಾಕ್ಸು ಚಾಲೂ ಆಯಿತು. ಗೋಡೆ ನಡುಗಿತು, ಕಿಟಕಿಯ ಗಾಜು ನಡುಗಿತು, ಬಟ್ಟಲಿನಲ್ಲಿದ್ದ ನೀರು ನಡುಗಿತು. ಅಯ್ಯನವರ ಕೈ ಏಳುವುದು ಕಂಡಿತು, ಬೀಳುವುದು ಕಂಡಿತು. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ನಾನು ಹತ್ತಿರ ಸರಿದೆ. ಮಂಡಿ ಊರಿ ಕುಳಿತೆ, ಮಂಡಿಗಾದರೂ ತಿಳಿಯುತ್ತದೇನೋ ಎಂದು. ನೆಲವೆಲ್ಲ ಪಕ್ಕದವರದೇ ಆಗಿತ್ತು...

ಅವರು ಕಣ್ಣು ತೆರೆದು ಕೂಗಿ ಕೇಳಿದರು, "ಕೇಳ್ತೇನೋ ತಮ್ಮಾ?"

"ಇಲ್ರೀ" ಎಂದೆ.

ಅವರಿಗೆ ನಾನು ಎಂದೂ ಸುಳ್ಳು ಹೇಳಿದವನಲ್ಲ.

ಅವರು ತಲೆಯಾಡಿಸಿದರು. ಬೆರಳಿನಿಂದ ಕಣಕ ಕೆರೆದು ಉಂಡೆ ಮಾಡಿದರು. ಭವನದ ಗೇಟಿನ ಹೊರಗೆ ಒಂದು ಆಕಳು ನಿಂತಿತ್ತು, ಅದರ ಬಾಯಿಗಿಟ್ಟರು. ಪಖವಾಜನ್ನು ಗಾಡಿಯ ಮೇಲೆ ನಮ್ಮಿಬ್ಬರ ನಡುವೆ ಅಡ್ಡ ಇಟ್ಟುಕೊಂಡು ಮನೆಗೆ ಬಂದೆವು.

ಮರು ಗುರುವಾರ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಿ ಬರಲಿಲ್ಲ. ಸೋಮವಾರ ಮಠಕ್ಕೆ ಮಾತ್ರ ಬಂದು ಕೂಡುತ್ತಿದ್ದರು. ಬಟ್ಟೆ ಅಂಗಡಿಯ ಮುದುಕರು ತೀರಿಹೋದ ಮೇಲೆ ಹಾಡುವವರೂ ಇರಲಿಲ್ಲ. ನಾವಿಬ್ಬರೇ, ಅವರ ಪಖವಾಜು, ನನ್ನ ತಾಳ, ನಡುವೆ ಹಾಡು ಇರಬೇಕಾದ ಜಾಗ ಖಾಲಿ. ಒಂದು ಚಳಿಗಾಲದಲ್ಲಿ ಅವರೂ ಹೋದರು. ದೇವಣಿಯಿಂದ ಮಗಳು ಬಂದು ಮನೆಗೆ ಬೀಗ ಹಾಕಿದಳು. ಬಟ್ಟಲನ್ನು ನಮಗೇ ಕೊಟ್ಟಳು. ಪಖವಾಜು ಮಠಕ್ಕೆ ಹೋಯಿತು. ಹೋದ ವರ್ಷ ಮಠದಲ್ಲಿ ದೀಪಾವಳಿಗೆ ಸುಣ್ಣ ಹಚ್ಚುವಾಗ ನೋಡಿದೆ. ಎಡಗಡೆಯ ತೊಗಲನ್ನು ಇಲಿ ತಿಂದುಬಿಟ್ಟಿದೆ. ಹಿಟ್ಟಿನ ವಾಸನೆ ಉಳಿದಿತ್ತೋ ಏನೋ, ಬಲಗಡೆಯದನ್ನು ಮುಟ್ಟಿಲ್ಲ.

ಈಗಲೂ ಸೋಮವಾರ ಮಠದಲ್ಲಿ ಭಜನೆ ಇದೆ. ಒಂದು ಪೆನ್ ಡ್ರೈವ್ ಹಾಕುತ್ತಾರೆ. ಬಾಕ್ಸು ನನ್ನದೇ, ಮಠಕ್ಕೆಂದು ಕೊಟ್ಟದ್ದು. ಭವನದಲ್ಲಿ ಕಾರ್ಯಕ್ರಮಕ್ಕೆ ಬರವಿಲ್ಲ. ಈ ತಿಂಗಳೂ ಒಂದು ಕಲಾ ಮಹೋತ್ಸವ ಇದೆ, ಸ್ಥಳೀಯ ಕಲಾವಿದರಿಗೆ ಸುವರ್ಣಾವಕಾಶ ಎಂದು ಮೊಬೈಲಿಗೆ ಬಂದಿದೆ. ಮಂಡಪ ನನ್ನದೇ. ಗಟ್ಟಿಯಾಗಿ ಹಾಕುತ್ತೇನೆ, ಬೀಳುವುದಿಲ್ಲ. ಅದರ ಕೆಳಗೆ ಏನು ನಡೆಯುತ್ತದೆ ಎಂದು ತಲೆ ಎತ್ತಿ ನೋಡುವುದನ್ನು ಬಿಟ್ಟಿದ್ದೇನೆ.

ಆ ಸಂಜೆ ಚಪಾತಿ ಎಲ್ಲ ಬೆಂದ ಮೇಲೆ ಹೆಂಡತಿ ಕಿಟಕಿಯಿಂದ ಬಟ್ಟಲು ತಂದು ನನ್ನ ಮುಂದೆ ಹಿಡಿದಳು.

"ಇದಕ್ಕೇನ್ ಮಾಡ್ಲಿ? ಆಕಳಿಗಿ ಹಾಕಿ ಬರ್ಲಾ?"

ಅರಿವೆ ಸರಿಸಿ ಬೆರಳಿನಿಂದ ಒತ್ತಿ ನೋಡಿದೆ. ಅಯ್ಯನವರು ಹೆಸರಿಡಲಾಗದಂಥ ಹದ. ನೀರು ಸರಿ, ಸಿಟ್ಟೂ ಸರಿ.

"ತೊಗಲಿಗಿ ಹತ್ತಿದ್ದರ ಆಕಳಿಗಿ ಹಾಕಬೇಕು. ಇದು ಬರೇ ಹಿಟ್ಟು. ತಟ್ಟು" ಎಂದೆ.

ಆಕೆ ತವೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ಅಂಗೈಯಗಲದ ಒಂದು ಚಪಾತಿ ಆಯಿತು. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಬಟ್ಟಲಿನ ಕಣಕವನ್ನು ಯಾರೂ ತಿಂದಿರಲಿಲ್ಲ. ಅದನ್ನು ಮುರಿದು ಅರ್ಧ ಆಕೆಗೆ ಕೊಟ್ಟೆ, ಅರ್ಧ ನಾನು ತಿಂದೆ.